ಕ್ರೂಸೋ ಕೊಳ್ಳುವ ಮುಂಚೆ ಒಳಗೆ ಮಡಕೆ ಇದೆಯಾ ನೋಡಿ

ಮುಂಬಯಿಯ ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತ್‌ನಲ್ಲೋ ಫ್ಲೋರಾ ಫೌಂಟನ್ ಕಡೆಯ ಹಳೇ ಪುಸ್ತಕದ ರಾಶಿಯಲ್ಲೋ ಹತ್ತು ನಿಮಿಷ ಕೆದಕಿದರೆ ಹಡಗು ಒಡೆದು ದ್ವೀಪವೊಂದರಲ್ಲಿ ಒಂಟಿಯಾಗಿ ಸಿಕ್ಕಿಕೊಂಡವನ ಕಥೆ ‘ರಾಬಿನ್ಸನ್ ಕ್ರೂಸೋ’ ಸಿಗುವುದು ಕಷ್ಟವಲ್ಲ. ಆದರೆ ರಟ್ಟಿನ ಮೇಲಿನ ಹೆಸರು ಒಂದೇ ಆದರೂ ಒಳಗಿನ ಪುಸ್ತಕ ಒಂದೇ ಅಲ್ಲ. ಡೇನಿಯಲ್ ಡಿಫೋ 1719ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಮೂಲದಲ್ಲಿ ಸುಮಾರು 1 ಲಕ್ಷ 20 ಸಾವಿರ ಪದಗಳಿವೆ, ಸಾಧಾರಣ ಅಕ್ಷರದಲ್ಲಿ 250ರಿಂದ 300 ಪುಟ. ಕೈಗೆ ಮೊದಲು ಬರುವುದು ಮಾತ್ರ ಶಾಲಾ ಮಕ್ಕಳಿಗೆಂದು ನೂರು ಪುಟದೊಳಗೆ ಹಿಂಡಿದ್ದು. ಸಂಕ್ಷಿಪ್ತ ಎಂಬ ಮಾತು ಎಲ್ಲೋ ಒಳಪುಟದಲ್ಲಿ ಇರುವೆ ಗಾತ್ರದಲ್ಲಿರುತ್ತದೆ, ಇಲ್ಲದೆಯೂ ಇರಬಹುದು.

ಮರಳಿನ ಮೇಲಿನ ಒಂಟಿ ಹೆಜ್ಜೆಗುರುತು ಇದೆಯೇ ಎಂದು ನೋಡಿ ಪ್ರಯೋಜನವಿಲ್ಲ, ಅದನ್ನು ಯಾರೂ ಕತ್ತರಿಸುವುದಿಲ್ಲ. ಮಡಕೆ ಸುಡುವ ಭಾಗ ಹುಡುಕಿ. ಕ್ರೂಸೋ ಬಳಿ ಕುಂಬಾರನ ತಿಗರಿಯಿಲ್ಲ, ಮಡಕೆ ಸುಡುವ ಆವಿಗೆ ಗೊತ್ತಿಲ್ಲ. ಎರಡು ತಿಂಗಳು ಒದ್ದಾಡಿ ಬಿಸಿಲಿಗೆ ಒಣಗಿಸಿದ್ದು ಎರಡು ವಿಕಾರವಾದ ದೊಡ್ಡ ಪಾತ್ರೆ, ನೀರು ನಿಲ್ಲದು. ಒಂದು ದಿನ ಒಲೆಯ ಬೂದಿಯಲ್ಲಿ ಒಡೆದ ಮಣ್ಣಿನ ಚೂರೊಂದು ಹೆಂಚಿನಂತೆ ಕೆಂಪಗೆ, ಕಲ್ಲಿನಂತೆ ಗಟ್ಟಿಯಾಗಿ ಸಿಗುತ್ತದೆ. ಆಮೇಲೆ ಕುಡಿಕೆಗಳನ್ನು ಒಂದರ ಮೇಲೊಂದು ಪೇರಿಸಿ, ಸುತ್ತ ಸೌದೆ ಒಟ್ಟಿ, ಕೆಂಡದಂತೆ ಕೆಂಪಾದ ಮೇಲೂ ಐದಾರು ಗಂಟೆ ಅದೇ ಕಾವಿನಲ್ಲಿ ಬಿಡುತ್ತಾನೆ. ಮಣ್ಣಿನಲ್ಲಿ ಸೇರಿದ್ದ ಮರಳು ಕರಗಿ ಒಂದು ಕುಡಿಕೆ ಇಳಿಯತೊಡಗಿದಾಗ ಉರಿ ತಗ್ಗಿಸುತ್ತಾನೆ, ಒಮ್ಮೆಲೇ ಅಲ್ಲ, ರಾತ್ರಿಯಿಡೀ ಕಾದು ಕೂತು. ಬೆಳಿಗ್ಗೆ ಮೂರು ಕುಡಿಕೆ, ಎರಡು ಮಡಕೆ, ಒಂದಕ್ಕೆ ತಾನಾಗಿಯೇ ಹೊಳಪು. ಇದೆಲ್ಲ ‘ಅವನು ಮಡಕೆಗಳನ್ನೂ ಮಾಡಿಕೊಂಡನು’ ಎಂದು ಮುಗಿದಿದ್ದರೆ ಪುಸ್ತಕ ಕೆಳಗಿಡಿ. ಸಂಕ್ಷೇಪಿಸುವವರು ಸಾಹಸ ಉಳಿಸಿ ದುಡಿಮೆ ಕತ್ತರಿಸುತ್ತಾರೆ. ಡಿಫೋ ಬರೆದದ್ದು ದುಡಿಮೆಯನ್ನೇ.

ದೋಣಿಯದೂ ಅದೇ ಕಥೆ. ಬುಡದಲ್ಲಿ 5 ಅಡಿ 10 ಅಂಗುಲ ಅಡ್ಡಳತೆಯ ಮರ, ಕಡಿಯಲು 20 ದಿನ, ಕೊಂಬೆ ಸವರಲು 14 ದಿನ. ಕೊನೆಗೆ ನೂರು ಗಜ ದೂರದ ನೀರಿಗೆ ಅದನ್ನು ಸಾಗಿಸಲಾಗದು, ಕಾಲುವೆ ತೋಡಲು ಹತ್ತು ಹನ್ನೆರಡು ವರ್ಷ ಬೇಕು ಎಂದು ಲೆಕ್ಕ ಹಾಕಿ ಕೂರುತ್ತಾನೆ. ಅಂಕಿಗಳಿಲ್ಲದೆ ಆ ಪೆದ್ದುತನಕ್ಕೆ ತೂಕವೇ ಬರುವುದಿಲ್ಲ.

ಇನ್ನೆರಡು ಕಡೆ ಕಣ್ಣಾಡಿಸಿ. ತನ್ನ ಜೊತೆ ತಪ್ಪಿಸಿಕೊಂಡು ಬಂದ ಹುಡುಗ ಜೂರಿಯನ್ನು ಕ್ರೂಸೋ ಮಾರಿಬಿಡುತ್ತಾನೆ. ಹಡಗು ಒಡೆಯುವುದು ಗುಲಾಮರನ್ನು ತರಲು ಹೊರಟ ಪಯಣದಲ್ಲೇ. ಮಕ್ಕಳ ಆವೃತ್ತಿಗಳು ಇದನ್ನು ಸದ್ದಿಲ್ಲದೆ ದಾಟಿಸುತ್ತವೆ. ಇನ್ನು ಕೊನೆ: ಮೂಲದಲ್ಲಿ ದ್ವೀಪ ಬಿಟ್ಟ ಮೇಲೂ ಕಥೆ ಇದೆ, ಪಿರನೀಸ್ ಬೆಟ್ಟದ ಹಿಮದಲ್ಲಿ ತೋಳಗಳ ಹಿಂಡು ಮುತ್ತುತ್ತದೆ. ಅಧ್ಯಾಯಗಳಿವೆ ಎಂದ ಮಾತ್ರಕ್ಕೆ ಅನುಮಾನ ಬೇಡ. ಡಿಫೋ ಅಧ್ಯಾಯ ಮಾಡಲಿಲ್ಲ, ಪೂರ್ಣ ಪಠ್ಯಕ್ಕೂ ಆಮೇಲಿನವರು ಸೇರಿಸಿದ್ದುಂಟು.

ಹೊಸದೇ ಬೇಕೆಂದರೆ ಥಾಮಸ್ ಕೀಮರ್ ಸಂಪಾದಿಸಿದ ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್ ಅಥವಾ ಜಾನ್ ರಿಚೆಟ್ಟಿಯವರ ಪೆಂಗ್ವಿನ್ ಕ್ಲಾಸಿಕ್ಸ್. ಎರಡರಲ್ಲೂ ಟಿಪ್ಪಣಿಗಳಿವೆ. ಕಾಸು ಕೊಡದೆ ಓದುವವರಿಗೆ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪೂರ್ಣ ಪಠ್ಯ ಇದೆ. 1719ರಲ್ಲೇ ಬಂದ ಎರಡನೇ ಭಾಗ ಅಷ್ಟು ಅಗತ್ಯವಲ್ಲ, ದ್ವೀಪದಲ್ಲಿ ಕ್ರೂಸೋಗೆ ಜೊತೆಯಾದ ಫ್ರೈಡೇ ಸಾಯುವುದು ಅದರಲ್ಲಿ ಎಂಬುದನ್ನು ಬಿಟ್ಟರೆ.

ಕನ್ನಡದಲ್ಲಿ ಸುಲಭವಾಗಿ ಸಿಗುವುದು ಮಕ್ಕಳಿಗೆ ಇಳಿಸಿದ ರೂಪಗಳು. ಅವನ್ನು ಅಳೆಯಲು ಒಂದು ಪದ ಸಾಕು, ‘ಕಾರ್ನ್’. ಡಿಫೋನ ಕಾಲದ ಇಂಗ್ಲಿಷಿನಲ್ಲಿ ಅದು ಒಟ್ಟಾರೆ ಧಾನ್ಯ, ಮುಸುಕಿನ ಜೋಳ ಅಲ್ಲ. ಕ್ರೂಸೋ ಕೋಳಿ ಕಾಳಿನ ಚೀಲದ ಹೊಟ್ಟು ಕೊಡವಿದ ಜಾಗದಲ್ಲಿ ಎದ್ದದ್ದು ಜವೆಗೋಧಿ, ಜೊತೆಗೆ ಇಪ್ಪತ್ತು ಮೂವತ್ತು ಪೈರು ಭತ್ತ. ‘ಅಕ್ಕಿ ಮೊಳೆಯಿತು’ ಎಂದು ಬರೆದವರು ಗದ್ದೆ ಕಂಡವರಲ್ಲ. ಜೂರಿಯನ್ನು ಮಾರಿದ 60 ‘ಪೀಸಸ್ ಆಫ್ ಏಯ್ಟ್’ ಸ್ಪೇನಿನ ಬೆಳ್ಳಿ ನಾಣ್ಯ, ಎಂಟೆಂಟು ತುಂಡುಗಳಲ್ಲ. ಫ್ರೈಡೇ ಫ್ರೈಡೇಯಾಗಿಯೇ ಇರಲಿ. ‘ಶುಕ್ರ’ ಎಂದರೆ ಒಕ್ಕಣ್ಣಿನ ಆಚಾರ್ಯರು ನೆನಪಾಗುತ್ತಾರೆ. ಫ್ರೈಡೇಯ ಮುರುಕು ಇಂಗ್ಲಿಷನ್ನು ಅಚ್ಚುಕಟ್ಟಾದ ಗ್ರಾಂಥಿಕ ಕನ್ನಡ ಮಾಡುವುದು ಇನ್ನೊಂದು ತಪ್ಪು. ಡೊಂಬಿವಲಿ, ಥಾಣೆಯ ಕನ್ನಡ ಮನೆಗಳಲ್ಲಿ ಮಕ್ಕಳಾಡುವ ಅರೆಬರೆ ಕನ್ನಡ ಕೇಳಿದವರಿಗೆ ಮಾದರಿಗೆ ಬರವಿಲ್ಲ.

ಫುಟ್‌ಪಾತ್ ಪ್ರತಿ ಕೊಳ್ಳುವುದಾದರೆ ಮಳೆಗಾಲ ಮುಗಿದ ಕೂಡಲೇ ಬೇಡ. ತಾಡಪಾಲಿನಡಿ ಬೆವೆತ ರಾಶಿಯಲ್ಲಿ ಬೂಷ್ಟು ಹಾಳೆಯ ನಡುವಿನ ಮಡಿಕೆಯಲ್ಲಿ ಕೂತಿರುತ್ತದೆ, ಅಂಚಿನಲ್ಲಿ ಕಾಣದು. ಮೂಗಿಗೆ ಹಿಡಿದು ನೋಡಿ. ಫಾರಂ, ಅಂದರೆ ಒಟ್ಟಿಗೆ ಮಡಚಿ ಸೇರಿಸಿದ ಹಾಳೆಗಳ ಕಟ್ಟು, ಸಾಮಾನ್ಯವಾಗಿ 16 ಪುಟದ್ದು, ಹಾಗಾಗಿ 16–17, 32–33, 48–49 ಹೀಗೆ ಜೋಡಿ ನೋಡುತ್ತ ಹೋದರೆ ಬಿಟ್ಟುಹೋದ ಅಥವಾ ಎರಡು ಸಲ ಸೇರಿದ ಫಾರಂ ಬೇಗ ಸಿಕ್ಕಿಬೀಳುತ್ತದೆ. ನಡುವೆ ತೆರೆದಾಗ ಬೆನ್ನು ಟಕ್ ಎಂದರೆ ಗೋಂದು ಒಣಗಿದೆ ಎಂದರ್ಥ. ಅಂಥ ಪ್ರತಿಯಲ್ಲಿ ಹಿಂದಿನ ರಟ್ಟಿನ ಪಕ್ಕದ ಹಾಳೆಗಳನ್ನು ಮೊದಲು ಎಣಿಸಿ, ಉದುರುವುದು ಅವೇ. ತೋಳಗಳಿರುವುದೂ ಅಲ್ಲೇ.