ಘಾಟಿ ಏರುವಾಗ ಬಿಸಿಯಾಗುವ ಎಂಜಿನ್: ಓಬಿಡಿ ಸ್ಕ್ಯಾನರ್ ಬಳಸುತ್ತ ಬಂದವನ ಅನುಭವ

ಮೀಟರ್ ಫಲಕದ ಉಷ್ಣಾಂಶದ ಮುಳ್ಳನ್ನು ನಂಬಿ ಆಗುಂಬೆ ಹತ್ತುವವರೆಲ್ಲರೂ ಓಬಿಡಿ ಸ್ಕ್ಯಾನರ್ ಎಂಬ, ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಈ ಪುಟ್ಟ ಸಾಧನವನ್ನು ಇಟ್ಟುಕೊಳ್ಳಬೇಕು. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಕಿಂಡಿಗೆ ಸಿಕ್ಕಿಸಿ ಬ್ಲೂಟೂತ್ ಮೂಲಕ ಮೊಬೈಲಿಗೆ ಜೋಡಿಸಿದರೆ, ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟ್ ಎಷ್ಟು ಡಿಗ್ರಿ ಕಾದಿದೆ ಎಂದು ಅಂಕಿಯಲ್ಲೇ ತೋರಿಸುತ್ತದೆ. ಮುಳ್ಳು ಹಾಗಲ್ಲ. ಎಷ್ಟೋ ಕಾರುಗಳಲ್ಲಿ ಅದು ಸಣ್ಣಪುಟ್ಟ ಏರಿಳಿತಕ್ಕೆ ಅಲುಗಾಡದಂತೆ ಹೊಂದಿಸಿರುತ್ತಾರೆ. ಕೆಂಪಿನತ್ತ ಹೊರಡುವಷ್ಟರಲ್ಲಿ ತೊಂದರೆ ಬಲಿತಿರುತ್ತದೆ.

ತೀರ್ಥಹಳ್ಳಿಯಿಂದ ಉಡುಪಿಗೆ ಹೋಗಿ ಬರುವ ನನ್ನ ಹಳೆಯ ಪೆಟ್ರೋಲ್ ಕಾರು, ಸೋಮೇಶ್ವರ ದಾಟಿ 14 ತಿರುವುಗಳನ್ನು ಏರುವಾಗ ಬಿಸಿಯಾಗುತ್ತಿತ್ತು. ಕೂಲಂಟನ್ನು ತಳ್ಳಿ ಹರಿಸುವ ವಾಟರ್ ಪಂಪ್ ಬದಲಿಸಬೇಕೆಂದು ಒಂದು ಗ್ಯಾರೇಜಿನಲ್ಲಿ ಹೇಳಿದರು. ಸ್ಕ್ಯಾನರ್ ಹಾಕಿದರೆ ದೋಷದ ಕೋಡ್ ಒಂದೂ ಇರಲಿಲ್ಲ. ಅತಿತಾಪ ಸೂಚಿಸುವ ಪಿ0217 ಬರುವುದು ಎಂಜಿನ್ ಮಿತಿಮೀರಿ ಕಾದ ಮೇಲೆ. ದಾರಿ ತೋರಿಸಿದ್ದು, ಅಂಕಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು.

ಶಿವಮೊಗ್ಗದ ಬಿ.ಎಚ್. ರಸ್ತೆಯ ದಟ್ಟಣೆಯಲ್ಲಿ ನಿಂತಾಗ 98 ಡಿಗ್ರಿಯ ಹತ್ತಿರ ರೇಡಿಯೇಟರ್ ಫ್ಯಾನ್ ತಿರುಗಿ ಅಂಕಿ ಇಳಿಯುತ್ತಿತ್ತು. ಅಂದಮೇಲೆ ಫ್ಯಾನ್, ಅದನ್ನು ಚಾಲೂ ಮಾಡುವ ವಿದ್ಯುತ್ ಸ್ವಿಚ್ಚಾದ ರಿಲೇ ಎರಡೂ ಸರಿ. ಅವು ಕೆಟ್ಟಿದ್ದರೆ ನಿಂತಲ್ಲೇ ಬಿಸಿಯಾಗಬೇಕಿತ್ತು. ಮಳೆಗಾಲದ ಬೆಳಗ್ಗೆ ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ ಕಾದೆ: 85ರ ಆಸುಪಾಸಿನಲ್ಲಿ ರೇಡಿಯೇಟರಿನ ಮೇಲಿನ ಹೋಸ್ ಬಿಸಿಯಾಯಿತು, ಅಂದರೆ ಕಾದ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟ್ ತೆರೆಯುತ್ತಿದೆ. ಘಾಟಿಯಲ್ಲಿ ಮಾತ್ರ 110 ಮುಟ್ಟಿ, ಆಗುಂಬೆ ಊರು ಸೇರಿ ರಸ್ತೆ ಸಮತಟ್ಟಾದೊಡನೆ ಇಳಿಯುತ್ತಿತ್ತು. ಹೊರೆ ಬಿದ್ದಾಗಷ್ಟೇ ಏರುವುದಾದರೆ ರೇಡಿಯೇಟರ್ ಶಾಖ ಬಿಡಲಾರದೆ ಸೋಲುತ್ತಿರಬೇಕು, ಇಲ್ಲವೇ ಪಂಪಿನ ತಳ್ಳುವ ಬಲ ಕುಗ್ಗಿರಬೇಕು. ಖರ್ಚು ಕಡಿಮೆಯಿರುವುದನ್ನು ಮೊದಲು ನೋಡೋಣವೆಂದು ಬಂಪರ್ ಬಿಚ್ಚಿಸಿದೆ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ತೋಟದ ದಾರಿಯ ಕೆಮ್ಮಣ್ಣು, ಹುಲ್ಲಿನ ಬೀಜ, ಕೀಟಗಳ ರೆಕ್ಕೆ ಎಲ್ಲ ಸೇರಿ ಕಂಬಳಿಯಂತೆ ಮೆತ್ತಿಕೊಂಡಿತ್ತು! ಇದಕ್ಕೆ ಯಾವ ಕೋಡ್ ತಾನೇ ಬಂದೀತು? ಎಂಜಿನ್ ಕಡೆಯಿಂದ ಮೆಲ್ಲಗೆ ನೀರು ಹಾಯಿಸಿ ತೊಳೆಸಿದ ಮೇಲೆ ಅದೇ ಘಾಟಿಯಲ್ಲಿ ಅಂಕಿ 100 ದಾಟಿಲ್ಲ. ಪಂಪ್ ಹಳೆಯದೇ ಇದೆ.

ಇನ್ನೊಂದು ಉಪಯೋಗ: ಏರಿನಲ್ಲಿ ಅಂಕಿ ಮೇಲೇರತೊಡಗಿದಾಗ ಎಸಿ ಆರಿಸಿ ಹೀಟರ್ ಪೂರ್ತಿ ಹಾಕಿದರೆ ಅದು ತಗ್ಗುವುದು ಕಣ್ಣೆದುರೇ ಕಾಣುತ್ತದೆ. ಗಾಡಿ ನಿಲ್ಲಿಸಲು ಜಾಗ ಸಿಗುವವರೆಗೆ ಅಷ್ಟು ಸಾಕು.

ಆದರೆ ಇದು ಕಾರಿನ ಸೆನ್ಸರ್ ಹೇಳಿದ್ದನ್ನಷ್ಟೇ ಹೇಳುತ್ತದೆ. ಕೂಲಂಟ್ ಸೋರಿ ಮಟ್ಟ ತೀರಾ ಕುಸಿದರೆ ಸೆನ್ಸರ್ ದ್ರವದಲ್ಲಿ ಮುಳುಗಿರುವುದಿಲ್ಲ. ಎಂಜಿನ್ ಸುಡುತ್ತಿದ್ದರೂ ಅಂಕಿ ಕಡಿಮೆ ತೋರಬಹುದು. ಹೊರಡುವ ಮುನ್ನ, ಎಂಜಿನ್ ತಣ್ಣಗಿರುವಾಗ, ಕೂಲಂಟ್ ಮಟ್ಟವನ್ನು ಕಣ್ಣಾರೆ ನೋಡಲೇಬೇಕು. ಹೊರಗೆಲ್ಲೂ ಸೋರದೆ ಅದು ಕಡಿಮೆಯಾಗುತ್ತಿದ್ದು, ಸೈಲೆನ್ಸರಿನಿಂದ ಬಿಳಿ ಹೊಗೆಯೂ ಬಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲು) ಮೇಲೆ ಅನುಮಾನಪಟ್ಟು ಪ್ರೆಶರ್ ಪರೀಕ್ಷೆ ಮಾಡಿಸಿ. ಅಲ್ಲಿ ಈ ಸಾಧನದಿಂದ ಪ್ರಯೋಜನವಿಲ್ಲ.

ಬ್ಲೂಟೂತ್ ಸಂಪರ್ಕ ಆಗಾಗ ಕಡಿದುಹೋಗುವುದು ಬೇಸರದ ಸಂಗತಿ. ಕಾರನ್ನು ದಿನಗಟ್ಟಲೆ ನಿಲ್ಲಿಸುವುದಾದರೆ ಕಿತ್ತಿಡಿ, ಬ್ಯಾಟರಿ ಇಳಿಸುತ್ತದೆ. 2013ಕ್ಕಿಂತ ಹಳೆಯ ಕಾರುಳ್ಳವರು ತಮ್ಮ ಮಾದರಿಗೆ ಹೊಂದುತ್ತದೆಯೇ ಎಂದು ಖಚಿತಪಡಿಸಿಕೊಂಡೇ ಹಣ ಕೊಡಿ.