ಎಐ ರೋಗಿಯೋ, ನಾಟಕದ ರೋಗಿಯೋ: ಹಾಸನದಲ್ಲಿ ನಾಲ್ಕು ಬಗೆ ಮಾಡಿ ನೋಡಿದ್ದು

ರೋಗಿಯ ಜೊತೆ ಹೇಗೆ ಮಾತಾಡಬೇಕು ಅನ್ನೋದು 2019ರ ಬ್ಯಾಚಿನಿಂದ ಎಂಬಿಬಿಎಸ್ ಪಠ್ಯದಲ್ಲೇ ಸೇರಿದೆ. ‘ಎಟ್‌ಕಾಮ್’ ಅಂತ ಕರೆಯುವ ಈ ಭಾಗದಲ್ಲಿ ನಡವಳಿಕೆ, ನೀತಿ, ಸಂವಹನ ಮೂರನ್ನೂ ಕಲಿಸಬೇಕು. ಪಠ್ಯಕ್ಕೆ ಬಂತು ಸರಿ, ಆದರೆ ಮಕ್ಕಳಿಗೆ ಅಭ್ಯಾಸ ಯಾರ ಮೇಲೆ ಮಾಡಿಸೋದು? ವಾರ್ಡಿನಲ್ಲಿ ಮಲಗಿರುವ ಒಬ್ಬ ತಾಯಿಗೆ ‘ನಿಮಗೆ ಕ್ಯಾನ್ಸರ್ ಇದೆ’ ಅಂತ ಹತ್ತು ವಿದ್ಯಾರ್ಥಿಗಳು ಒಬ್ಬರಾದ ಮೇಲೆ ಒಬ್ಬರು ಹೇಳಿ ಪ್ರಾಕ್ಟೀಸ್ ಮಾಡೋಕಾಗುತ್ತಾ?

ಹಾಸನದಲ್ಲಿ ಈ ತರಗತಿಗಳನ್ನು ನಡೆಸುವ ನಾನು ಬೇರೆ ಬೇರೆ ಬ್ಯಾಚುಗಳ ಜೊತೆ ನಾಲ್ಕು ದಾರಿ ಹಿಡಿದು ನೋಡಿದ್ದೇನೆ. ಒಂದು, ಕಂಪ್ಯೂಟರಿನಲ್ಲಿ ಆಯ್ಕೆ ಒತ್ತುತ್ತಾ ಹೋಗುವ ರೆಡಿಮೇಡ್ ಕೇಸುಗಳು. ಎರಡು, ರೋಗಿಯ ಪಾತ್ರ ಮಾಡುವ ಎಐ ಚಾಟ್‌ಬಾಟ್. ಮೂರು, ತರಬೇತಿ ಕೊಟ್ಟ ನಾಟಕದ ಕಲಾವಿದರು. ನಾಲ್ಕು, ವಿದ್ಯಾರ್ಥಿಗಳೇ ರೋಗಿಯಾಗಿ ಕೂರುವ ರೋಲ್ ಪ್ಲೇ.

ಹೋಲಿಕೆ ನ್ಯಾಯವಾಗಿರಲಿ ಅಂತ ಎಲ್ಲದಕ್ಕೂ ಅದೇ ಮೂರು ಕೇಸು ಇಟ್ಟುಕೊಂಡೆ. ಮೂರೂ ಕಟ್ಟಿದ ಕಥೆಗಳು, ಆದರೆ ನಮ್ಮ ಜಿಲ್ಲೆಯ ಒಪಿಡಿಯಲ್ಲಿ ಇಂಥವರು ದಿನಾ ಸಿಗುತ್ತಾರೆ. ಮೊದಲನೆಯವರು ಸಕಲೇಶಪುರ ಕಡೆಯ ಕಾಫಿ ತೋಟದ ಕೆಲಸಗಾರ. ಸಕ್ಕರೆ ಕಾಯಿಲೆ ಇದೆ, ಕಾಲಿನ ಗಾಯ ಮಾಯುತ್ತಿಲ್ಲ, ಮಾತ್ರೆ ಬಿಟ್ಟಿದ್ದಾರೆ. ಆಸ್ಪತ್ರೆಗೆ ಬಂದರೆ ಆ ದಿನದ ಕೂಲಿ ಹೋಗುತ್ತೆ. ಜೊತೆಗೆ ಕುಡಿತವೂ ಇದೆ. ಈ ಎರಡನ್ನೂ ತಾವಾಗಿ ಹೇಳೋದಿಲ್ಲ. ಎರಡನೆಯವರು ಹೊಳೆನರಸೀಪುರ ಕಡೆಯ ತಾಯಿ. ವರ್ಷಗಟ್ಟಲೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿದ್ದಾರೆ, ಬಾಯಿ ಕ್ಯಾನ್ಸರ್ ಅಂತ ರಿಪೋರ್ಟ್ ಬಂದಿದೆ. ಮಗ ಬಾಗಿಲಲ್ಲೇ ತಡೆದು ‘ಅಮ್ಮನಿಗೆ ಹೇಳ್ಬೇಡಿ’ ಅಂತಾನೆ. ಮೂರನೆಯವನು ಮೂವತ್ತರ ಹುಡುಗ, ಇಸಿಜಿ ನಾರ್ಮಲ್, ಆದರೂ ಭಯ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಟಿವಿಯಲ್ಲಿ ದಿನವಿಡೀ ಓಡಿದ್ದು ನೆನಪಿದೆ ಅಲ್ವಾ? ಆಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಾಗುವ ಹೊತ್ತಿಗೇ ಸಾಲು ನಿಂತವರಲ್ಲಿ ಇಂಥ ಹುಡುಗರು ಎಷ್ಟೋ ಜನ ಇದ್ದರು.

ಆಯ್ಕೆ ಒತ್ತುವ ಕೇಸುಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ರೋಗಿ ಒಂದು ಮಾತು ಹೇಳುತ್ತಾರೆ, ಕೆಳಗೆ ನಾಲ್ಕು ಉತ್ತರ ಬರುತ್ತೆ, ಒಂದನ್ನು ಒತ್ತಬೇಕು. ನೀಟ್ ಬರೆದು ಬಂದ ಮಕ್ಕಳಿಗೆ ಇದು ನೀರು ಕುಡಿದಷ್ಟು ಸುಲಭ. ಉದ್ದವಾದ, ಮೃದುವಾದ ಉತ್ತರ ಯಾವುದೋ ಅದೇ ಸರಿ ಅಂತ ಬೇಗ ಹಿಡಿದುಬಿಡುತ್ತಾರೆ. ಯಾವ ಟೆಸ್ಟ್ ಮೊದಲು, ಯಾವ ಔಷಧಿ ಆಮೇಲೆ ಅನ್ನೋ ಯೋಚನೆ ಕಲಿಸೋಕೆ ಇವು ಒಳ್ಳೆಯವು. ಮಾತು ಕಲಿಸೋಕಲ್ಲ. ವಾಕ್ಯ ತನ್ನ ಬಾಯಿಂದಲೇ ಹುಟ್ಟಬೇಕಾದ ಕಷ್ಟ ಇಲ್ಲಿ ಯಾರಿಗೂ ಬರೋದೇ ಇಲ್ಲ.

ಎಐ ರೋಗಿಯ ಮೇಲೆ ನನಗೆ ಬಹಳ ಆಸೆ ಇತ್ತು. ಮಾತಾಡುವ ಯಂತ್ರ ಹೊಸದೇನಲ್ಲ. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ‘ಎಲಿಜಾ’ ಮಾಡಿದಾಗ ಅದು ಡಾಕ್ಟರ ಪಾತ್ರ ಮಾಡಿತ್ತು. 1972ರಲ್ಲಿ ಸ್ಟ್ಯಾನ್‌ಫರ್ಡ್‌ನ ಮನೋವೈದ್ಯ ಕೆನೆತ್ ಕೋಲ್ಬಿ ಮಾಡಿದ ‘ಪ್ಯಾರಿ’ ರೋಗಿಯಾಯಿತು, ಎಲ್ಲರ ಮೇಲೂ ಅನುಮಾನ ಪಡುವ ರೋಗಿ. ಅದರ ಮಾತುಕತೆಯನ್ನೂ ನಿಜವಾದ ರೋಗಿಗಳ ಮಾತುಕತೆಯನ್ನೂ ಪಕ್ಕಪಕ್ಕ ಇಟ್ಟಾಗ ಯಾವುದು ಯಾರದ್ದು ಅಂತ ಮನೋವೈದ್ಯರಿಗೇ ಸರಿಯಾಗಿ ಗುರುತಿಸೋಕೆ ಆಗಲಿಲ್ಲ. ಈಗ ಫೋನಿನಲ್ಲಿ ಸಿಗುವ ಎಐ ಇದಕ್ಕಿಂತ ಎಷ್ಟೋ ಮುಂದಿದೆ. ಕನ್ನಡವೂ ಬರುತ್ತೆ. ಬರೆದೂ ಮಾತಾಡಬಹುದು, ದನಿಯಲ್ಲೂ ಮಾತಾಡಬಹುದು.

ಮೂರನೇ ಕೇಸಿನಲ್ಲಿ, ಆ ಭಯಪಟ್ಟ ಹುಡುಗನ ಪಾತ್ರದಲ್ಲಿ, ಅದು ನಿಜಕ್ಕೂ ಚೆನ್ನಾಗಿ ಮಾಡಿತು. ‘ಇಸಿಜಿ ನಾರ್ಮಲ್ ಇದೆ’ ಅಂದರೆ ‘ಮೊನ್ನೆ ಸತ್ತವರದ್ದೂ ನಾರ್ಮಲ್ ಇತ್ತಂತೆ ಅಲ್ವಾ ಡಾಕ್ಟ್ರೇ?’ ಅಂತ ಕೇಳಿತು. ಅದಕ್ಕೆ ಸಮಾಧಾನ ಹೇಳಿದರೆ ‘ಹಾಗಾದರೆ ಆಂಜಿಯೋಗ್ರಾಮ್ ಬರೆದುಕೊಡಿ’ ಅಂತು. ಬಿಡಲೇ ಇಲ್ಲ. ‘ಏನೂ ಇಲ್ಲ, ಹೋಗಿ’ ಅನ್ನೋ ಮಾತು ಭಯವನ್ನು ಕಮ್ಮಿ ಮಾಡೋದಿಲ್ಲ ಅಂತ ಮಕ್ಕಳಿಗೆ ಅಲ್ಲೇ ಗೊತ್ತಾಯಿತು. ಮನುಷ್ಯರು ಅದೇ ವಾದವನ್ನು ಹತ್ತು ವಿದ್ಯಾರ್ಥಿಗಳ ಮುಂದೆ ಅದೇ ಹುರುಪಿನಲ್ಲಿ ಮಾಡೋದು ಕಷ್ಟ. ಯಂತ್ರಕ್ಕೆ ಸುಸ್ತಿಲ್ಲ.

ಇನ್ನೊಂದು ದೊಡ್ಡ ಲಾಭ ಹೊರರಾಜ್ಯದ ಮಕ್ಕಳದ್ದು. ಅಖಿಲ ಭಾರತ ಕೋಟಾದಲ್ಲಿ ರಾಜಸ್ಥಾನದಿಂದಲೋ ಕೇರಳದಿಂದಲೋ ಬಂದ ಹುಡುಗಿಗೆ ಮೊದಲ ವರ್ಷ ಕನ್ನಡದ ಕ್ಲಾಸು ಇರುತ್ತೆ. ಆದರೆ ನಾಲ್ಕು ಜನರ ಮುಂದೆ ತಪ್ಪು ಕನ್ನಡ ಮಾತಾಡೋಕೆ ನಾಚಿಕೆ. ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಎಐ ರೋಗಿಯ ಹತ್ತಿರ ‘ಊಟ ಸೇರುತ್ತಾ? ನಿದ್ದೆ ಬರುತ್ತಾ?’ ಅಂತ ಎಷ್ಟು ಸಲ ಕೇಳಿದರೂ ಯಾರೂ ನಗೋದಿಲ್ಲ. ಇಂಥ ಮಕ್ಕಳು ಎರಡೇ ವಾರದಲ್ಲಿ ಬಾಯಿ ಬಿಟ್ಟಿದ್ದನ್ನು ಕಂಡು ನನಗಾದ ಖುಷಿ ಅಷ್ಟಿಷ್ಟಲ್ಲ. ನಮ್ಮ ಮಕ್ಕಳಿಗೂ ಇದು ಬೇಕು. ಮಲೆನಾಡಿನ ತೋಟಗಳಿಗೆ ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರು ಈಗ ಬಹಳ. ಅವರು ಒಪಿಡಿಗೆ ಬಂದಾಗ ಭಾಷೆ ಬಾರದೆ ತೊಡರುವವರು ನಾವೇ.

ಇಷ್ಟೆಲ್ಲ ಇದ್ದೂ ಮೊದಲ ಕೇಸಿನಲ್ಲಿ ಎಐ ಸೋತಿತು. ‘ಮಾತ್ರೆ ಯಾಕೆ ಬಿಟ್ಟಿರಿ?’ ಅಂತ ಒಬ್ಬ ಹುಡುಗ ಕೇಳಿದ. ಬಂದ ಉತ್ತರ ಹೀಗಿತ್ತು: ‘ಡಾಕ್ಟರ್, ಆಸ್ಪತ್ರೆಗೆ ಬಂದರೆ ನನ್ನ ಒಂದು ದಿನದ ಕೂಲಿ ನಷ್ಟವಾಗುತ್ತದೆ. ಅಲ್ಲದೆ ನನಗೆ ಮದ್ಯಪಾನದ ಅಭ್ಯಾಸವಿದೆ. ಇದರಿಂದ ನನಗೆ ನಾಚಿಕೆಯಾಗುತ್ತದೆ.’ ಒಂದೇ ಪ್ರಶ್ನೆಗೆ ಎಲ್ಲ ಗುಟ್ಟೂ ಹೊರಗೆ! ನಮ್ಮ ಕಡೆಯ ಯಾವ ತೋಟದ ಕೆಲಸಗಾರರು ಹೀಗೆ ಮಾತಾಡುತ್ತಾರೆ? ಅವರು ‘ಸುಮ್ನೆ ಬಿಟ್ಟೆ ಸಾ’ ಅಂತಾರೆ. ಆಮೇಲೆ ಕಿಟಕಿ ಕಡೆ ನೋಡುತ್ತಾರೆ. ಆ ‘ಸುಮ್ನೆ’ಯಿಂದ ಕೂಲಿಯ ವಿಷಯಕ್ಕೆ ಹೋಗೋದೇ ವಿದ್ಯಾರ್ಥಿ ಕಲಿಯಬೇಕಾದ ಕೆಲಸ.

ಎಐಗೆ ಕೊಟ್ಟಿದ್ದ ಸೂಚನೆಗಳನ್ನು ತಿದ್ದಿ ಬರೆದೆ. ‘ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಒಂದು ವಾಕ್ಯ ದಾಟಬೇಡ. ಕುಡಿತದ ಬಗ್ಗೆ ನೇರ ಕೇಳಿದರೆ ಇಲ್ಲ ಅನ್ನು. ಮನೆ, ಮಕ್ಕಳ ವಿಚಾರ ಕೇಳಿದ ಮೇಲೆ ಒಪ್ಪಿಕೋ. ಹಾಸನ ಕಡೆಯ ಹಳ್ಳಿ ಮಾತಾಡು.’ ಇದರಿಂದ ಬಹಳ ಸುಧಾರಿಸಿತು. ಎಐ ಬಳಸುವ ಯಾವ ಮೇಷ್ಟ್ರಿಗೂ ನಾನು ಹೇಳೋದು ಇದನ್ನೇ: ರೋಗಿ ಏನು ಹೇಳಬೇಕು ಅನ್ನೋದಕ್ಕಿಂತ ಏನು ಹೇಳಬಾರದು ಅನ್ನೋದನ್ನು ಬರೆಯಿರಿ. ಆದರೂ ಮಾತು ಉದ್ದವಾದಂತೆ ಅದು ಮತ್ತೆ ಮೊದಲಿನ ಹಾಗೆ ಎಲ್ಲವನ್ನೂ ಒಪ್ಪಿಸೋಕೆ ಶುರು ಮಾಡುತ್ತಿತ್ತು. ಹಳ್ಳಿ ಮಾತು ಹೋಗಿ ಪುಸ್ತಕದ ಕನ್ನಡ ಬರುತ್ತಿತ್ತು.

ಇನ್ನೊಂದು ಎಚ್ಚರ. ನಿಜವಾದ ರೋಗಿಯ ಹೆಸರು, ಊರು, ರಿಪೋರ್ಟು ಯಾವುದನ್ನೂ ಈ ಆ್ಯಪ್‌ಗಳಿಗೆ ಹಾಕಬಾರದು. ವಾರ್ಡಿನ ಕೇಸನ್ನೇ ಹಾಕಿ ಪ್ರಾಕ್ಟೀಸ್ ಮಾಡುವ ಆಸೆ ಮಕ್ಕಳಿಗೆ ಬರುತ್ತೆ. ಮೊದಲ ದಿನವೇ ಖಡಾಖಂಡಿತವಾಗಿ ಹೇಳಿಬಿಡಬೇಕು.

ಇವೆಲ್ಲ ಹೇಗೋ ಸರಿಮಾಡಿಕೊಳ್ಳಬಹುದಾದ ಕೊರತೆಗಳು. ಸರಿಮಾಡೋಕೆ ಆಗದ ಒಂದು ವಿಷಯ ಇದೆ. ಡಾಕ್ಟರು ಮಾತಿನಲ್ಲಿ ಮಾಡುವ ಅತಿ ಸಾಮಾನ್ಯ ತಪ್ಪು ಯಾವುದು? ರೋಗಿಯ ಮಾತನ್ನು ಮಧ್ಯದಲ್ಲಿ ಕತ್ತರಿಸೋದು. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಅನ್ನೋರು ಅಮೆರಿಕದಲ್ಲಿ ಲೆಕ್ಕ ಹಾಕಿದಾಗ ಡಾಕ್ಟರು ಸರಾಸರಿ 18 ಸೆಕೆಂಡಿಗೆ ಬಾಯಿ ಹಾಕುತ್ತಿದ್ದರು. ಎಐ ಜೊತೆ ಬರೆದು ಮಾತಾಡುವಾಗ ಈ ತಪ್ಪು ಮಾಡೋಕೇ ಆಗೋದಿಲ್ಲ. ರೋಗಿಯ ವಾಕ್ಯ ಪೂರ್ತಿ ಪರದೆ ಮೇಲೆ ಬರುತ್ತೆ, ಆಮೇಲೆ ನೀವು ಬರೆಯುತ್ತೀರಿ. ದನಿಯಲ್ಲಿ ಮಧ್ಯೆ ಬಾಯಿ ಹಾಕಬಹುದು. ಹಾಕಿದರೆ ಯಂತ್ರ ತಕ್ಷಣ ನಿಲ್ಲುತ್ತೆ, ಹೊಸ ಪ್ರಶ್ನೆಗೆ ಅದೇ ಸೌಜನ್ಯದಿಂದ ಉತ್ತರ ಕೊಡುತ್ತೆ. ಅದಕ್ಕೆ ಬೇಜಾರಾಗೋದಿಲ್ಲ. ಕಲಾವಿದರಿಗೆ ಆಗುತ್ತೆ. ಬಾಯಿ ಹಾಕಿದ ಮೇಲೆ ಅವರ ಉತ್ತರಗಳು ಚಿಕ್ಕದಾಗುತ್ತವೆ. ‘ಹೂಂ’, ‘ಇಲ್ಲ’, ‘ಗೊತ್ತಿಲ್ಲ’. ತಾನು ಎಲ್ಲಿ ಕಳೆದುಕೊಂಡೆ ಅಂತ ವಿದ್ಯಾರ್ಥಿಗೆ ಕೂತಲ್ಲೇ ಅರ್ಥವಾಗುತ್ತೆ.

ಈ ಕಲಾವಿದರ ದಾರಿ ಶುರುವಾಗಿದ್ದು 1963ರಲ್ಲಿ. ಕ್ಯಾಲಿಫೋರ್ನಿಯಾದ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ ಒಬ್ಬರಿಗೆ ರೋಗಿಯ ಹಾಗೆ ನಟಿಸೋಕೆ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಹಾಸನದಲ್ಲಿ ನಮಗೆ ನಟರಿಗೇನು ಕೊರತೆ? ಹಳ್ಳಿ ಹಳ್ಳಿಯಲ್ಲೂ ಪೌರಾಣಿಕ ನಾಟಕದ ತಂಡಗಳಿವೆ, ಪೇಟೆಯಲ್ಲಿ ಹವ್ಯಾಸಿ ತಂಡಗಳಿವೆ. ಕೃಷ್ಣ, ದುರ್ಯೋಧನ ಮಾಡಿದವರಿಗೆ ಮೊದಲು ದನಿ ಇಳಿಸೋದನ್ನು ಹೇಳಿಕೊಡಬೇಕಾಯಿತು. ಮೈಕ್ ಇಲ್ಲದೆ ಕೊನೆ ಸಾಲಿಗೆ ಕೇಳಿಸಿ ರೂಢಿಯಾದ ಗಂಟಲು ಅದು. ಒಮ್ಮೆ ಇಳಿಸಿದ ಮೇಲೆ ಮಾತ್ರ ಅವರಷ್ಟು ನಂಬಿಸುವವರು ಇನ್ನೊಬ್ಬರಿಲ್ಲ. ಆಸ್ಪತ್ರೆ ಸಿಬ್ಬಂದಿಯನ್ನೇ ರೋಗಿ ಮಾಡುವ ಪ್ರಯತ್ನವೂ ನಡೆಯಿತು. ಅವರ ಬಾಯಲ್ಲಿ ಬಿಪಿ, ಶುಗರ್ ರೀಡಿಂಗು ತಾನಾಗಿ ಬಂದುಬಿಡುತ್ತಿತ್ತು, ಹಾಗಾಗಿ ಬಿಟ್ಟೆ.

ಎರಡನೇ ಕೇಸಿನಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಕೆಟ್ಟ ಸುದ್ದಿ ಹೇಳೋಕೆ ‘ಸ್ಪೈಕ್ಸ್’ ಅನ್ನೋ ಆರು ಹೆಜ್ಜೆಯ ಕ್ರಮ ಇದೆ, 2000ದಲ್ಲಿ ಪ್ರಕಟವಾಗಿದ್ದು. ಕೂರುವ ಜಾಗ ಸರಿಮಾಡಿಕೋ, ಅವರಿಗೆ ಈಗಾಗಲೇ ಏನು ಗೊತ್ತು ಕೇಳು, ಎಷ್ಟು ತಿಳಿಯೋಕೆ ಇಷ್ಟ ಕೇಳು, ವಿಷಯ ಹೇಳು, ಅವರ ದುಃಖಕ್ಕೆ ಜಾಗ ಕೊಡು, ಮುಂದಿನ ದಾರಿ ಹೇಳು. ಎಐ ಜೊತೆ ಆರೂ ಹೆಜ್ಜೆ ಚೆನ್ನಾಗಿ ಬಾಯಿಪಾಠ ಆಗುತ್ತೆ. ಆದರೆ ಐದನೇ ಹೆಜ್ಜೆಯಲ್ಲಿ ಸುಮ್ಮನೆ ಕೂರಬೇಕಲ್ಲ? ವಿದ್ಯಾರ್ಥಿ ಸುಮ್ಮನಾದ ತಕ್ಷಣ ಯಂತ್ರ ‘ಡಾಕ್ಟರ್, ಮುಂದೇನು ಮಾಡಬೇಕು?’ ಅಂತ ತಾನೇ ಮುಂದಕ್ಕೆ ಹೋಗುತ್ತೆ. ಮೌನದ ಭಾರ ಹೊರೋದನ್ನು ಅದು ಕಲಿಸೋದಿಲ್ಲ.

ಆ ತಾಯಿಯ ಪಾತ್ರ ಮಾಡಿದ ಕಲಾವಿದೆ ವಿಷಯ ಕೇಳಿದ ಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತರು. ಮಾತಿಲ್ಲ. ಅರ್ಧ ನಿಮಿಷದಲ್ಲಿ ಎದುರು ಡಾಕ್ಟರಾಗಿ ಕೂತಿದ್ದ ಹುಡುಗಿ ತಡೆಯಲಾರದೆ ‘ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ’ ಅಂದಳು. ಎಐ ಈ ಮಾತಿಗೆ ಯಾವಾಗಲೂ ಹೊಗಳಿಕೆ ಕೊಡುತ್ತಿತ್ತು, ‘ಸಹಾನುಭೂತಿ ಚೆನ್ನಾಗಿ ತೋರಿಸಿದಿರಿ’ ಅಂತ. ಕಲಾವಿದೆ ಪಾತ್ರದಿಂದ ಹೊರಬಂದು ಹೇಳಿದ್ದೇ ಬೇರೆ: ‘ಆ ಮಾತು ಹೇಳುವಾಗ ನೀವು ಫೈಲ್ ನೋಡ್ತಿದ್ರಿ ಕಣಮ್ಮ.’ ಹುಡುಗಿ ಮುಂದಿನ ಸಲ ಫೈಲನ್ನು ಪಕ್ಕಕ್ಕಿಟ್ಟು ಕೂತಳು. ಈ ಒಂದು ವಾಕ್ಯದ ಫೀಡ್‌ಬ್ಯಾಕು ನಾನು ಬೋರ್ಡಿನ ಮೇಲೆ ಬರೆಸುವ ಎಲ್ಲ ಪಾಯಿಂಟುಗಳಿಗಿಂತ ಹೆಚ್ಚು ಕೆಲಸ ಮಾಡಿತು.

ಕಲಾವಿದರ ದಾರಿಯಲ್ಲೂ ತೊಂದರೆ ಇದೆ. ಸಂಭಾವನೆ, ಬಸ್ ಚಾರ್ಜು, ಊಟ, ಒಂದು ರೂಮು, ನೋಡಿಕೊಳ್ಳೋಕೆ ಒಬ್ಬ ಮೇಷ್ಟ್ರು ಎಲ್ಲ ಬೇಕು. ಬೆಳಿಗ್ಗೆ ಬಂದ ಕಣ್ಣೀರು ಮಧ್ಯಾಹ್ನ ಬರೋದಿಲ್ಲ. ಪರೀಕ್ಷೆಯಲ್ಲಿ ಇದು ಅನ್ಯಾಯವಾಗುತ್ತೆ, ಯಾಕಂದ್ರೆ ಎಲ್ಲರಿಗೂ ಒಂದೇ ರೋಗಿ ಸಿಗಬೇಕು. ರೊನಾಲ್ಡ್ ಹಾರ್ಡನ್ 1975ರಲ್ಲಿ ‘ಆಸ್ಕಿ’ ಪರೀಕ್ಷೆ, ಅಂದರೆ ಎಲ್ಲ ವಿದ್ಯಾರ್ಥಿಗಳೂ ಸರದಿಯಲ್ಲಿ ಅವೇ ಕೇಸುಗಳನ್ನು ಎದುರಿಸುವ ಪರೀಕ್ಷೆ, ತಂದಿದ್ದೇ ಆ ಸಮಾನತೆಗಾಗಿ. ಇನ್ನು, ಸಾಯುವ ಕಾಯಿಲೆಯವರ ಪಾತ್ರವನ್ನು ಮತ್ತೆ ಮತ್ತೆ ಮಾಡಿದವರ ಮನಸ್ಸು ಕುಗ್ಗುತ್ತೆ. ಮುಗಿದ ಮೇಲೆ ಅವರ ಜೊತೆ ಕೂತು, ಟೀ ಕುಡಿದು, ಬೇರೆ ಮಾತಾಡಿ ಕಳಿಸಬೇಕು. ಇದನ್ನು ಬಿಡಲೇಬಾರದು.

ವಿದ್ಯಾರ್ಥಿಗಳೇ ಮಾಡುವ ರೋಲ್ ಪ್ಲೇಗೆ ಖರ್ಚಿಲ್ಲ. ನಗು ಜಾಸ್ತಿ, ರೋಗಿಗೇ ಸಿಲಬಸ್ ಗೊತ್ತಿರುತ್ತೆ. ಡಾಕ್ಟರಾದವನಿಗೆ ಲಾಭ ಕಮ್ಮಿ. ಆದರೆ ರೋಗಿಯಾದವನಿಗೆ ಇದೆ. ಮಂಚದ ಮೇಲೆ ಮಲಗಿಸಿ ಐದು ಜನ ಸುತ್ತ ನಿಂತು ಅವಳನ್ನು ಬಿಟ್ಟು ತಮ್ಮತಮ್ಮಲ್ಲೇ ಮಾತಾಡಿದಾಗ ಒಬ್ಬ ಹುಡುಗಿಗೆ ಎದ್ದು ಹೋಗಬೇಕು ಅನ್ನಿಸಿತಂತೆ. ವರ್ಷಕ್ಕೊಮ್ಮೆ ಎಲ್ಲರನ್ನೂ ಹೀಗೆ ಮಲಗಿಸಬೇಕು ಅನ್ನೋದು ನನ್ನ ಆಸೆ.

ಈಗ ನಾನು ಹಿಡಿದಿರುವ ಕ್ರಮ ಹೀಗಿದೆ. ಮೊದಲು ಎಐ. ಪ್ರಶ್ನೆ ಕೇಳುವ ಬಾಯಿ ರೂಢಿಯಾಗೋವರೆಗೂ ರೂಮಿನಲ್ಲಿ ಎಷ್ಟು ಬೇಕಾದರೂ ಮಾಡಲಿ. ಅಂಕವನ್ನು ಮಾತ್ರ ಯಂತ್ರದ ಕೈಗೆ ಕೊಡೋದಿಲ್ಲ. ಆಮೇಲೆ ಕಲಾವಿದರು. ಅದೂ ಆಯ್ದ ಕೆಲವು ಕೇಸುಗಳಿಗೆ: ಕೆಟ್ಟ ಸುದ್ದಿ, ಕುಡಿತ, ಸಿಟ್ಟಾದ ಮನೆಯವರು. ಯಾವುದಾದರೂ ಕಾಲೇಜಿಗೆ ಒಂದಕ್ಕೇ ದುಡ್ಡಿದ್ದರೆ, ಸಾಫ್ಟ್‌ವೇರಿಗೆ ಕೊಡುವ ಬದಲು ಇಬ್ಬರು ಕಲಾವಿದರನ್ನು ಕರೆಸಿ ಅಂತಲೇ ಹೇಳುತ್ತೇನೆ. ಒಬ್ಬರು ಸಾಲದು. ನಮ್ಮಲ್ಲಿ ರೋಗಿ ಒಂಟಿಯಾಗಿ ಬರೋದು ಅಪರೂಪ, ಜೊತೆಗೆ ಬಂದವರೇ ಮುಕ್ಕಾಲು ಮಾತಾಡುತ್ತಾರೆ. ‘ಅಮ್ಮನಿಗೆ ಹೇಳ್ಬೇಡಿ’ ಅನ್ನೋ ಮಗನನ್ನು ಹೊರಗೆ ಕರೆದು, ಅವನ ಭಯ ಕೇಳಿ, ಮತ್ತೆ ಒಳಗೆ ಬಂದು ತಾಯಿಯನ್ನೇ ‘ನಿಮಗೆ ಎಷ್ಟು ತಿಳ್ಕೋಬೇಕು ಅನ್ಸುತ್ತೆ?’ ಅಂತ ಕೇಳುವ ಅಭ್ಯಾಸಕ್ಕೆ ಬಾಗಿಲ ಹೊರಗೆ ಒಬ್ಬರು, ಒಳಗೆ ಒಬ್ಬರು ಬೇಕೇ ಬೇಕು.