ಟೆಕ್ಸಾಸ್ ದತ್ತಿ ಬಿಂಗೊದ ತ್ರೈಮಾಸಿಕ ವರದಿ: ನಮೂನೆ ಸರಳ, ಮೊದಲ ಸಾಲೇ ತೊಡಕು

ಅಮೆರಿಕದ ಟೆಕ್ಸಾಸ್‌ನಲ್ಲಿ ದತ್ತಿ ಬಿಂಗೊ (ದಾನಕ್ಕೆ ಹಣ ಕೂಡಿಸಲು ಆಡಿಸುವ, ಕೂಗಿದ ಅಂಕಿಗಳನ್ನು ಚೀಟಿಯಲ್ಲಿ ಗುರುತಿಸುವ ಆಟ) ಆಡಿಸುವ ಸಂಸ್ಥೆಗಳು ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕು. ಜನವರಿಯಿಂದ ಮಾರ್ಚ್‌ವರೆಗಿನದಕ್ಕೆ ಏಪ್ರಿಲ್ 25 ಗಡುವು. ವಸೂಲಿ, ಬಹುಮಾನ, ಖರ್ಚು, ದಾನ, ಇಷ್ಟೇ. ಆದರೂ ಎಡವುವುದು ಮೊದಲ ಸಾಲಿನಲ್ಲೇ: ಬಹುಮಾನ ಕಳೆದು ಉಳಿದದ್ದನ್ನು ಒಟ್ಟು ವಸೂಲಿ ಎಂದು ಬರೆದರೆ ಮುಂದಿನದೆಲ್ಲ ಏರುಪೇರು. 5 ಡಾಲರ್ ಮೀರಿದ ನಗದು ಬಹುಮಾನಕ್ಕೆ ಗೆದ್ದವರಿಂದ ಶೇ 5 ಶುಲ್ಕ; 500 ಗೆದ್ದವರ ಕೈಗೆ 475. ಶುಲ್ಕದ ಆ 25 ಡಾಲರನ್ನು ಅಂದೇ ಬೇರೆ ಬರೆದಿಡದಿದ್ದರೆ ಗಡುವಿನ ಹೊತ್ತಿಗೆ ಹುಡುಕಾಟ ತಪ್ಪದು. ಬಿಂಗೊ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಕಡ್ಡಾಯ. ತಾಳೆ ನೋಡಲು ಇದಕ್ಕಿಂತ ಒಳ್ಳೆಯ ನಿಯಮ ಬೇಕಿಲ್ಲ. ಪ್ರಕಟವಾಗುವ ರಾಜ್ಯದ ಒಟ್ಟು ಅಂಕಿಗಳು ಮಾತ್ರ ದಾರಿ ತಪ್ಪಿಸುತ್ತವೆ. ವಸೂಲಿಯ ಬಹುಪಾಲು ಆಟಗಾರರಿಗೇ ಮರಳುವುದರಿಂದ, ಮೇಲಿನ ಒಟ್ಟು ವಸೂಲಿಯ ದಪ್ಪ ಅಂಕಿ ಬಿಟ್ಟು ದಾನದ ಸಾಲನ್ನೇ ಮೊದಲು ಓದಿ.